ಐಸಿಸಿಆರ್‌ನ ಸ್ತನ ಕ್ಯಾನ್ಸರ್ ವರದಿ ನಮೂನೆ ಕೋಲಾರದ ಲ್ಯಾಬಿಗೆ ಆಗಿಬರುತ್ತದೆಯೇ?

ಖಂಡಿತ ಆಗಿಬರುತ್ತದೆ. ಆದರೆ ಪಿಡಿಎಫ್ ಇಳಿಸಿಕೊಂಡು, ಪ್ರಿಂಟ್ ತೆಗೆದು, ಪೆನ್ನಿನಲ್ಲಿ ತುಂಬಿದರೆ ಅರ್ಧ ಲಾಭವೂ ಸಿಗದು. ಕ್ಯಾನ್ಸರ್ ಪೆಥಾಲಜಿ (ತೆಗೆದ ಅಂಗಾಂಶದ ಪರೀಕ್ಷೆ) ವರದಿ ಎಲ್ಲೆಡೆ ಒಂದೇ ಮಾದರಿಯಲ್ಲಿರಲಿ ಎಂದು 2011ರಲ್ಲಿ ಶುರುವಾದ ಅಂತರರಾಷ್ಟ್ರೀಯ ಕೂಟ ಐಸಿಸಿಆರ್. ಇದರ ನಮೂನೆಗಳು ಉಚಿತ. ಕಡ್ಡಾಯವಾಗಿ ಬರೆಯಬೇಕಾದದ್ದು ಯಾವುದು, ಬಿಟ್ಟರೂ ನಡೆಯುವುದು ಯಾವುದು ಎಂದು ಬೇರ್ಪಡಿಸಿ, ಕಾರಣವನ್ನೂ ಕೊಟ್ಟಿದ್ದಾರೆ. ಹೊಸ ಪಿಜಿ ವಿದ್ಯಾರ್ಥಿಗಳಿಗೆ ಆ ವಿವರಣೆಯೇ ಒಂದು ಪಾಠ.

ಇಲ್ಲಿ ಆಪರೇಷನ್ ಆದ ಎಷ್ಟೋ ಹೆಣ್ಣುಮಕ್ಕಳು ಮುಂದಿನ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ. 'ಅಂಚು ಸರಿಯಾಗಿದೆ' (ಕತ್ತರಿಸಿದ ಅಂಚಿನಲ್ಲಿ ಗಡ್ಡೆ ಇಲ್ಲ) ಎಂದಷ್ಟೇ ಬರೆದ ವರದಿ ಅಲ್ಲಿನ ವೈದ್ಯರಿಗೆ ಸಾಲದು. ಗಡ್ಡೆ ಅಂಚಿನಿಂದ ಎಷ್ಟು ಮಿಲಿಮೀಟರ್ ದೂರ ಎಂದು ತಿಳಿಯಲು ಬ್ಲಾಕು (ಮೇಣದಲ್ಲಿಟ್ಟ ಅಂಗಾಂಶದ ತುಂಡು), ಸ್ಲೈಡು ತರಲು ಹೇಳುತ್ತಾರೆ, ಮನೆಯವರು ಮತ್ತೆ ಕೋಲಾರದ ಬಸ್ ಹತ್ತಬೇಕು. ನಮೂನೆಯಲ್ಲಿ ಆ ಅಂತರಕ್ಕೆ ಖಾನೆಯೇ ಇದೆ.

ಲ್ಯಾಬಿನ ತಂತ್ರಾಂಶಕ್ಕೆ ಇಳಿಸುವಾಗಲೇ ನಿಜವಾದ ಕೆಲಸ. ಗ್ರಾಸಿಂಗ್ (ತೆಗೆದ ಅಂಗವನ್ನು ಅಳೆದು, ಕತ್ತರಿಸುವ ಕೆಲಸ) ಮಾಡುವವರು ಗಡ್ಡೆಯ ಅಳತೆಯನ್ನು ಸೆಂಟಿಮೀಟರಿನಲ್ಲಿ ಹೇಳುತ್ತಾರೆ, ನಮೂನೆ ಮಿಲಿಮೀಟರ್ ಕೇಳುತ್ತದೆ. 22 ಇರಬೇಕಾದ ಕಡೆ 2.2 ಎಂದು ಬಿದ್ದರೆ ಗಡ್ಡೆಯ ಗಾತ್ರದ ಹಂತ ಪಿಟಿ2 ಇದ್ದದ್ದು ತೀರಾ ಚಿಕ್ಕದಾದ ಪಿಟಿ1ಎ ಆಗಿಬಿಡುತ್ತದೆ. ಪಿಡಿಎಫ್ ಇದನ್ನು ಹಿಡಿಯುವುದಿಲ್ಲ. 5 ಮಿ.ಮೀ.ಗಿಂತ ಕಡಿಮೆ ಹಾಕಿದರೆ 'ಮತ್ತೊಮ್ಮೆ ನೋಡಿ' ಎಂದು ಕೇಳುವಂತೆ ಮಾಡಿಸಿ. ಗಡ್ಡೆಯ ಉಗ್ರತೆ ಹೇಳುವ ಗ್ರೇಡಿನ ಕೂಡಿಕೆಯನ್ನೂ (ಮೂರು ಅಂಕ 3+3+2 ಅಂದರೆ 8, ಗ್ರೇಡ್ 3) ಯಂತ್ರವೇ ಮಾಡಲಿ. ರಕ್ತನಾಳದೊಳಗೆ ಗಡ್ಡೆ 'ಕಂಡಿಲ್ಲ' ಎನ್ನುವುದೂ 'ಹೇಳಲಾಗದು' ಎನ್ನುವುದೂ ಬೇರೆ ಬೇರೆ ಆಯ್ಕೆಗಳಾಗಿರಬೇಕು. ಖಾಲಿ ಬಿಟ್ಟರೆ ಸಹಿ ಬೀಳಬಾರದು. ಕೀಮೋ ಮುಗಿಸಿ ಬಂದವರ ಹಂತಕ್ಕೆ 'ವೈಪಿ' (ಚಿಕಿತ್ಸೆಯ ನಂತರದ ಹಂತ ಎಂಬ ಗುರುತು) ಸೇರಿಸಲು ಮರೆಯುವುದೂ ಸಾಮಾನ್ಯ.

ಒಂದು ಖಾನೆಯನ್ನು ನೀವೇ ಎದ್ದುಕಾಣುವಂತೆ ಇಡಿ: ಅಂಗ ಹೊರಬಂದ ಸಮಯ, ಸೀಳಿದ ಸಮಯ, ಅಂಗಾಂಶ ಕೆಡದಂತೆ ಇಡುವ ದ್ರವ ಫಾರ್ಮಲಿನ್‌ಗೆ ಹಾಕಿದ ಸಮಯ. 10% ಬಫರ್ಡ್ ಫಾರ್ಮಲಿನ್‌ನಲ್ಲಿ 6ರಿಂದ 72 ಗಂಟೆ ಎಂಬುದು ನಿಯಮ. ಶನಿವಾರ ಸಂಜೆ ಬಂದ ಇಡೀ ಸ್ತನ ಸೋಮವಾರದವರೆಗೆ ಸೀಳದೆ ಬಕೆಟ್ಟಿನಲ್ಲೇ ಇದ್ದರೆ ಗಂಟೆಯ ಲೆಕ್ಕ ಸರಿಯಿರುತ್ತದೆ, ಆದರೆ ಫಾರ್ಮಲಿನ್ ಒಳಗಿನ ಗಡ್ಡೆಗೆ ಇಳಿದೇ ಇರುವುದಿಲ್ಲ. ಆಗ ಇಆರ್ (ಈಸ್ಟ್ರೋಜನ್ ಹಾರ್ಮೋನ್ ಗ್ರಾಹಕದ ಪರೀಕ್ಷೆ) ಸುಳ್ಳು ನೆಗೆಟಿವ್ ಬರಬಹುದು, ಹಾರ್ಮೋನ್ ಮಾತ್ರೆ ಸಿಗಬೇಕಾದವರಿಗೆ ಅದು ತಪ್ಪಿಹೋಗುತ್ತದೆ. ಆಪರೇಷನ್ ಕೋಣೆಯಲ್ಲಿಯೇ ಒಂದು ಸೀಳು ಹಾಕಿಸಿ ಕಳಿಸುವ ರೂಢಿ ಮಾಡಿಸಬೇಕು.

ಹರ್-2 (ಚಿಕಿತ್ಸೆ ನಿರ್ಧರಿಸುವ ಒಂದು ಪ್ರೋಟೀನ್) ಫಲಿತಾಂಶ 2+, ಅಂದರೆ ಅನಿಶ್ಚಿತ, ಬಂದರೆ ಅದರ ಜೀನ್ ನೋಡುವ ಫಿಶ್ ಪರೀಕ್ಷೆ ಮುಗಿಯುವವರೆಗೆ ವರದಿ 'ಬಾಕಿ' ಎಂದೇ ತೋರಿಸಬೇಕು, ನೆಗೆಟಿವ್ ಎಂದಲ್ಲ. ಫಲಿತಾಂಶ ಬಂದ ಮೇಲೆ ಬೇರೆ ಹಾಳೆ ಪಿನ್ ಮಾಡಬೇಡಿ, ಅದೇ ವರದಿಯ ಎರಡನೇ ಆವೃತ್ತಿ ಹೊರಡಿಸಿ. ಕ್ಯಾನ್ಸರ್ ನೋಂದಣಿಗೆ ಬೇಕಾದ ಐಸಿಡಿ-ಒ ಕೋಡನ್ನು (ಕ್ಯಾನ್ಸರ್ ಬಗೆಗಳ ಅಂತರರಾಷ್ಟ್ರೀಯ ಸಂಖ್ಯೆ, 8500/3 ಎಂಬಂಥದ್ದು) ಕ್ಯಾನ್ಸರಿನ ಪ್ರಕಾರ ಆರಿಸಿದೊಡನೆ ತಾನಾಗಿ ಬರುವಂತೆ ಜೋಡಿಸಿದರೆ ಮತ್ತೆ ಟೈಪ್ ಮಾಡುವ ಕೆಲಸ ಇರುವುದಿಲ್ಲ. ಕೊನೆಯ /3 ಎಂದರೆ ಸುತ್ತಲಿನ ಅಂಗಾಂಶಕ್ಕೆ ನುಗ್ಗಿದ ಕ್ಯಾನ್ಸರ್, /2 ಎಂದರೆ ಇನ್ನೂ ಹಾಲಿನ ನಾಳದೊಳಗೇ ಇರುವ ಕ್ಯಾನ್ಸರ್, ಆ ಒಂದು ಅಂಕಿಯನ್ನು ಕೈಯಲ್ಲಿ ಹಾಕಲು ಬಿಡಬೇಡಿ.