ಒಂದೇ ದಂಗೆ: ಪ್ರಬಂಧವೋ, ಇತಿಹಾಸವೋ, ಕಾದಂಬರಿಯೋ?

1381ರ ಇಂಗ್ಲೆಂಡಿನ ರೈತ ದಂಗೆಯ ಬಗ್ಗೆ ಬರೆಯಬೇಕು, ಎಡಪಂಥೀಯ ಒಲವೂ ಇದೆ. ಯಾವ ರೂಪ ಆರಿಸುತ್ತೀರಿ?

ರಾಜಕೀಯ ಪ್ರಬಂಧ ಬೇಗ ಮುಗಿಯುತ್ತದೆ. ತಲೆಗಂದಾಯ, ಬಡವರ ಸಿಟ್ಟು, ವಾದ ರೆಡಿ. ಆದರೆ ಇಂದಿನ ಲೆಕ್ಕವನ್ನು ಅಂದಿನವರ ಮೇಲೆ ಹೇರುವ ಅಪಾಯ ಜಾಸ್ತಿ.

ಇತಿಹಾಸಕ್ಕೆ ತಾಳ್ಮೆ ಬೇಕು. ದಂಗೆಯೆದ್ದವರು ಜಮೀನ್ದಾರರ ಕಡತಗಳನ್ನು ಹುಡುಕಿ ಹುಡುಕಿ ಸುಟ್ಟರು. ಯಾರು ಜೀತದವರು, ಯಾರು ಎಷ್ಟು ಬಿಟ್ಟಿ ದುಡಿಯಬೇಕು ಅನ್ನೋದೆಲ್ಲ ಅದರಲ್ಲೇ ಇತ್ತಲ್ವಾ! ಉಳಿದ ವೃತ್ತಾಂತಗಳಲ್ಲಿ ಹೆಚ್ಚಿನವು ಅವರನ್ನು ದ್ವೇಷಿಸಿದವರು ಬರೆದದ್ದು. ರೈತರ ದನಿ ಅಲ್ಲಿ ಕೇಳಿಸುವುದೇ ಕಷ್ಟ.

ಆ ಖಾಲಿ ಜಾಗ ಕಾದಂಬರಿಯದು. ಜೂನ್ 15ರಂದು ಲಂಡನ್ನಿನ ಸ್ಮಿತ್‌ಫೀಲ್ಡ್‌ನಲ್ಲಿ ನಾಯಕ ವಾಟ್ ಟೈಲರ್‌ಗೆ ಕತ್ತಿಯೇಟು ಬಿದ್ದಾಗ ಗುಂಪಿನ ಹಿಂದಿದ್ದವರಿಗೆ ಏನನಿಸಿರಬಹುದು? ನನ್ನ ಮತ ಕಾದಂಬರಿಗೇ. ಆದರೆ ವೃತ್ತಾಂತಗಳನ್ನು ಓದಿಯೇ ಶುರು ಮಾಡಿ.