ಅಜ್ಜನ ಕುಂಟಿ ರಿಪೇರಿ ಮಾಡ್ಸಿದ್ದು: ಸಂತಿ ಹಿಂದಿನ ಅಣ್ಣತಮ್ಮರ ಕುಲುಮಿ

ಗದಗ ಕಡೆ ಎರಿ ಹೊಲ ಇದ್ದವ್ರಿಗೆ ಕುಂಟಿ ಅಂದ್ರ ಏನಂತ ಹೇಳೂದ ಬ್ಯಾಡ, ಎತ್ತಿಗೆ ಕಟ್ಟಿ ಮ್ಯಾಲಿನ ಮಣ್ಣು ಕೆರದು ಕಸ ತಗಿಯೂ ಸಾಮಾನು, ಅದರ್ಲೆ ಹರಗದಿದ್ರ ನೆಲ ಬಾಯಿ ಬಿಟ್ಟು ಹಸಿ ಎಲ್ಲಾ ಆರಿ ಹೋಗತೈತಿ. ನಮ್ಮ ಅಟ್ಟದಾಗ ಇಪ್ಪತ್ತು ವರ್ಷದಿಂದ ಬಿದ್ದಿದ್ದ ಅಜ್ಜನ ಸಾಮಾನು ಇಳಸಿದ್ರ ಮೂರು ದಿಂಡು, ಅಂದ್ರ ಅಡ್ಡ ದಪ್ಪ ಕಟಿಗಿ, ಸಿಕ್ವು, ಯಾವ್ದು ಕುಂಟಿ ಯಾವ್ದು ಕೂರಿಗಿ ನನಗ ತಿಳೀಲಿಲ್ಲ, ಟೆಂಪೋದಾಗ ಹಾಕ್ಕೊಂಡು ಇಲ್ಲಿಗೆ ಬಂದೆ. ಅಣ್ಣ ಬಡಿಗತನ ನೋಡ್ತಾರ, ತಮ್ಮ ಕುಲುಮಿ.

ಬಡಿಗತನದ ದೊಡ್ಡ ಕಾಕಾ ಒಂದ್ ನಿಮಿಷದಾಗ ಬ್ಯಾರೆ ಬ್ಯಾರೆ ಮಾಡಿ ಇಟ್ರು. ತಾಳು ಅಂದ್ರ ದಿಂಡಿಂದ ಕೆಳಗ ಇಳಿದ ಕಾಲು, ಅದರೊಳಗ ಬೀಜ ಇಳಿಯಾಕ ತೂತು ಇದ್ರ ಬಿತ್ತೂ ಕೂರಿಗಿ. ಎರಡು ತಾಳಿಗೆ ಉದ್ದಂದು ಕುಡ (ಕಬ್ಬಿಣದ ಅಲಗು) ಅಡ್ಡ ಕುಂತಿದ್ರ ಕುಂಟಿ, ಕುಡ ಸಣ್ಣದಿದ್ದು ಬೆಳಿ ಸಾಲಿನ ನಡಕ ಆಡುವಂಥಾದ್ದು ಎಡಿಕುಂಟಿ. ಆಮ್ಯಾಲೆ ನನ್ನ ಬಟ್ಟು ಹಿಡದು ಕುಂಟಿ ಕುಡದ ಮ್ಯಾಲೆ ಎಳಸಿದ್ರು, ಒಂದ್ ಕಡೆ ದಪ್ಪ ಒಂದ್ ಕಡೆ ತೆಳು, ಸುತ್ತಿಗಿ ಏಟಿನ ತಗ್ಗು ಕೈಗೆ ಹತ್ತತಾವ. "ತಮ್ಮಾ, ಇದು ಕೈಲೆ ಬಡದದ್ದು, ಲಾರಿ ಪಾಟಾ (ಸ್ಪ್ರಿಂಗ್ ಪಟ್ಟಿ) ಕಡದು ಮಾಡಿದ್ದಾಗಿದ್ರ ಉದ್ದಕ್ಕೂ ಒಂದ ದಪ್ಪ ಇರ್ತಿತ್ತು" ಅಂದ್ರು.

ಎಡಿಕುಂಟಿ ಮಾತ್ರ ನೋಡಿ ಭಾಳ ಬ್ಯಾಸರ ಮಾಡ್ಕೊಂಡ್ರು. ಅದೊಂದನ್ನ ಇಲ್ಲಿಗೆ ಬರೂ ಮೊದ್ಲ ಬ್ಯಾರೆ ಕಡೆ ಕೊಟ್ಟಿದ್ದೆ, ಅವ್ರು ಗ್ರೈಂಡರ್ ಹಚ್ಚಿ ಜಂಗಿನ ಜೋಡಿ ಸುತ್ತಿಗಿ ಗುರ್ತೂ ತಗದು ಮ್ಯಾಲೆ ಕರೇ ಆಯಿಲ್ ಪೇಂಟ್ ಬಳದು ಕೊಟ್ಟಿದ್ರು. ಅದು ತಿರುಗಿ ಬರೂದಿಲ್ಲ, ಹಳೇ ಸಾಮಾನಿಗೆ ಗ್ರೈಂಡರ್ ಮುಟ್ಟಸಬ್ಯಾಡ್ರಿ, ಕೈ ಮುಗದು ಹೇಳ್ತೀನಿ.

ಇಲ್ಲಿ ಕುಂಟಿ ಕುಡಕ್ಕ ಸೀಮೆಎಣ್ಣಿ ಹಚ್ಚಿ ಎರಡು ದಿನ ಬಿಟ್ಟು ತಂತಿ ಬ್ರಶ್‌ಲೆ ತಿಕ್ಕಿದ್ರು ಅಷ್ಟ. ದಿಂಡಿನ ಒಂದು ತುದಿ ಒರಲಿ ತಿಂದಿತ್ತು, ಹೊಸಾ ದಿಂಡ ಹಾಕ್ರಿ ಅಂತ ನಾನ ಅಂದಿದ್ದೆ, ಕಾಕಾ ಒಪ್ಪಲಿಲ್ಲ, ಕೆಟ್ಟಷ್ಟ ಕಡದು ಹಳೇ ಜಾಲಿ ಮರದ ತುಂಡು ಕೂಡ್ಸಿ ಬೆಣಿ ಬಡದ್ರು, ಉಳಿದದ್ದೆಲ್ಲಾ ಅಜ್ಜನ ಕಾಲದ್ದ. ತಾಳು ಬಿಚ್ಚಿದಾಗ ದಿಂಡಿನ ತೂತಿನೊಳಗ ಮಡಚಿ ತುರುಕಿದ್ದ ಗೋಣಿತಟ್ಟಿನ ಚೂರು ಬಂತು, ಬ್ಯಾಸಗ್ಯಾಗ ಮರ ಒಣಗಿ ಸಡ್ಲಾದಾಗ ಅಜ್ಜನ ಹಾಕಿರ್ಬೇಕು. ಅದನ್ನ ಕಾಕಾ ಒಗೀಲಿಲ್ಲ, ಹಾಳ್ಯಾಗ ಕಟ್ಟಿ ನನ್ನ ಕೈಯಾಗ ಕೊಟ್ರು. ಕುಲುಮಿ ನೋಡೂ ತಮ್ಮ ಆ ಕುಡ ಕೆಂಪಗ ಕಾಸಿ ಅಂಚು ಹಣಿಸಿ (ಬಡದು ತೆಳು ಮಾಡಿ) ಅಂಚಷ್ಟ ನೀರಾಗ ಅದ್ದಿದ್ರು. ಕಟಿಗಿಗೆ ಅಗಸಿ ಎಣ್ಣಿ ಎರಡು ಸಲ ತಿಕ್ಕಿ ನೆಳ್ಳಾಗ ಇಟ್ಟಿದ್ರು, ಪೇಂಟ್ ಇಲ್ಲ.

ಕುಲುಮಿದು 600, ಕಟಿಗಿ ಕೆಲ್ಸ 1400 ತಗೊಂಡ್ರು. ಎಂಟು ದಿನ ಅಂದವ್ರು ಮೂರು ವಾರ ಮಾಡಿದ್ರು, ಫೋನ್ ಎತ್ತೂದೂ ಕಡಿಮಿ, ಅದೊಂದು ತ್ರಾಸು. ರೋಹಿಣಿ ಮಳಿ ಹತ್ರ ಬಂತಂದ್ರ ಕುಲುಮಿ ಮುಂದ ಪಾಳಿ ಹಚ್ಚಬೇಕಾಗತೈತಿ, ಯುಗಾದಿ ಮುಂಚೆ ಒಯ್ರಿ.

ಬಾಜೂ ಹೊಲದವ್ರ ಎತ್ತು ಕೇಳಿ ಹೋದ ಐತಾರ ಹರಗಿದೆ, ಕುಡ ಎಲ್ಲೂ ಜಿಗೀಲಿಲ್ಲ, ಕಸ ಬೇರಿನ ಹಂತ್ಯಾಕ ಕಟ್ಟಾಗಿ ಹಿಂದ ಬೀಳ್ತಿತ್ತು. ಕೂರಿಗಿನೂ ಅಲ್ಲೇ ಬಿಟ್ಟು ಬಂದೀನಿ, ಬೀಜ ಹಾಕೂ ಬಟ್ಟಲ ಒಡದೈತಿ, ಯಾರ ಮನ್ಯಾಗರ ಹಳೇದು ಇದ್ರ ಹೇಳ್ರಿ.