ಎಚ್‌ಡಿ ಆಟ ಡಿವಿಡಿಗೆ: ಮೂರು ದಾರಿಗಳನ್ನು ಹೋಲಿಸಿ ನೋಡಿದಾಗ

ನಮ್ಮ ಕಡೆಯ ಹಿರಿಯರಲ್ಲಿ ಅನೇಕರು ಯಕ್ಷಗಾನವನ್ನು ಈಗಲೂ ನೋಡುವುದು ಡಿವಿಡಿ ಪ್ಲೇಯರ್‌ನಲ್ಲೇ. ಅವರಿಗಾಗಿ ಬಡಗುತಿಟ್ಟಿನ ಬಯಲಾಟವೊಂದರ ಎಚ್‌ಡಿ ಚಿತ್ರೀಕರಣವನ್ನು ಡಿವಿಡಿಗೆ ಇಳಿಸಬೇಕಿತ್ತು. ಮೂರು ವಿಧಾನಗಳನ್ನು ಒಂದೇ ದೃಶ್ಯದ ಮೇಲೆ ಪ್ರಯೋಗಿಸಿದೆ. ಬೇಕೆಂದೇ ಕಷ್ಟದ ದೃಶ್ಯ ಆರಿಸಿಕೊಂಡೆ: ಚೌಕಳಿಯ ಕಸೆ ಸೀರೆ ಉಟ್ಟ ವೇಷಧಾರಿ ಮಂಡಿ ಹಾಕಿ ಗಿರಗಿರನೆ ಸುತ್ತುವ ಭಾಗ. ಸಣ್ಣ ಗೆರೆಗಳೂ ಬಿರುಸಿನ ಚಲನೆಯೂ ಒಟ್ಟಿಗೆ ಬಂದಾಗಲೇ ಪರಿವರ್ತನೆಯ ಗುಣಮಟ್ಟ ತಿಳಿಯುವುದು.

ಕ್ಯಾಮೆರಾದ ಕಡತ 1920×1080, 50ಐ. ಅಂದರೆ ಸೆಕೆಂಡಿಗೆ 50 ಫೀಲ್ಡ್‌ಗಳು, ಪ್ರತಿಯೊಂದರಲ್ಲೂ ಅರ್ಧದಷ್ಟು ಗೆರೆಗಳು. ನಮ್ಮಲ್ಲಿ ಬಳಕೆಯಲ್ಲಿರುವ ಪಾಲ್ ಮಾದರಿಯ ಡಿವಿಡಿ 720×576. ಅದರಲ್ಲೂ ಸೆಕೆಂಡಿಗೆ 50 ಫೀಲ್ಡ್‌ಗಳಿಗೆ ಜಾಗವಿದೆ. ಗೆರೆಗಳು ಕಡಿಮೆಯಾಗುವುದು ಅನಿವಾರ್ಯ, ಆದರೆ ಚಲನೆಯಲ್ಲಿ ಏನನ್ನೂ ಕಳೆದುಕೊಳ್ಳಬೇಕಾದ ಅಗತ್ಯವಿಲ್ಲ.

ಮೊದಲನೆಯದು, ಸಂಕಲನ ತಂತ್ರಾಂಶದಲ್ಲಿ ಸಿದ್ಧವಾಗಿದ್ದ ಡಿವಿಡಿ ಆಯ್ಕೆ. ಕೆಲಸ ಬೇಗ ಮುಗಿಯಿತು. ಭಾಗವತರು ಕುಳಿತಿರುವ ದೃಶ್ಯ ಚೆನ್ನಾಗಿಯೇ ಬಂದಿತ್ತು. ಕುಣಿತ ಶುರುವಾದ ಕೂಡಲೇ ಕೈಗಳ ಅಂಚು ಎರಡೆರಡಾಗಿ ಕಂಡಿತು. ಬೇರೆ ಬೇರೆ ಕ್ಷಣದ ಎರಡು ಫೀಲ್ಡ್‌ಗಳನ್ನು ಒಂದೇ ಚಿತ್ರವೆಂದು ಭಾವಿಸಿ ಕುಗ್ಗಿಸಿದರೆ ಅವುಗಳ ಗೆರೆಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಒಮ್ಮೆ ಬೆರೆತದ್ದನ್ನು ಆಮೇಲೆ ಬಿಡಿಸಲಾಗದು. ಬಿಟ್‌ರೇಟ್ (ಪ್ರತಿ ಸೆಕೆಂಡಿಗೆ ಬಳಸುವ ಮಾಹಿತಿಯ ಪ್ರಮಾಣ) ಎಷ್ಟು ಏರಿಸಿದರೂ ಪ್ರಯೋಜನವಿಲ್ಲ.

ಎರಡನೆಯದರಲ್ಲಿ ಡಿಇಂಟರ್ಲೇಸ್ ಮಾಡಿ, ಅಂದರೆ ಫೀಲ್ಡ್‌ಗಳಿಂದ ಪೂರ್ಣ ಚಿತ್ರ ಕಟ್ಟಿ, ಸೆಕೆಂಡಿಗೆ 25 ಪೂರ್ಣ ಫ್ರೇಮ್‌ಗಳಾಗಿಸಿ ಕುಗ್ಗಿಸಿದೆ. ಜೋಡಿ ಅಂಚು ಮಾಯವಾಯಿತು, ನಿಲ್ಲಿಸಿ ನೋಡಿದರೆ ಪ್ರತಿ ಫ್ರೇಮ್ ಸ್ವಚ್ಛ. ಆದರೆ ಚಲನೆಯ ಅರ್ಧ ಮಾಹಿತಿ ಹೋದದ್ದರಿಂದ ಸುತ್ತು ತಡವರಿಸಿದಂತೆ ಕಾಣುತ್ತದೆ. ತಾಳಮದ್ದಳೆಗೆ ಇದು ಧಾರಾಳ ಸಾಕು. ಅಲ್ಲಿ ಅರ್ಥಧಾರಿಗಳು ಕುಳಿತೇ ಮಾತನಾಡುತ್ತಾರೆ. ಚೆಂಡೆಯ ಪೆಟ್ಟಿಗೆ ಹೆಜ್ಜೆ ಕೂಡಬೇಕಾದ ಆಟಕ್ಕೆ ಇದನ್ನು ನಾನು ಒಪ್ಪಲಾರೆ.

ಮೂರನೆಯ ದಾರಿ ಉದ್ದ. ಪ್ರತಿ ಫೀಲ್ಡನ್ನೂ ಒಂದೊಂದು ಪೂರ್ಣ ಫ್ರೇಮ್ ಆಗಿ ಬೆಳೆಸಿ ಸೆಕೆಂಡಿಗೆ 50 ಫ್ರೇಮ್ ಮಾಡಿಕೊಳ್ಳಬೇಕು, 720×576ಕ್ಕೆ ಕುಗ್ಗಿಸಬೇಕು, ನಂತರ ಮತ್ತೆ ಇಂಟರ್ಲೇಸ್ ಮಾಡಬೇಕು, ಅಂದರೆ ಫೀಲ್ಡ್‌ಗಳಾಗಿಸಬೇಕು. ಮೊದಲ ಹಂತಕ್ಕೆ ಎವಿಸಿಂತ್ ತಂತ್ರಾಂಶದ ಕ್ಯೂಟಿಜಿಎಂಸಿ, ಎಫ್‌ಎಫ್‌ಎಂಪೆಗ್ ತಂತ್ರಾಂಶದ ಬಿಡಬ್ಲ್ಯುಡಿಐಎಫ್ ಎರಡನ್ನೂ ಬಳಸಿದೆ. ಎರಡರಲ್ಲೂ ಸುತ್ತು ಎಣ್ಣೆ ಹಾಕಿದಂತೆ ನಯವಾಗಿ ಬಂತು. ಕ್ಯೂಟಿಜಿಎಂಸಿ ಬಹಳ ನಿಧಾನ. ರಾತ್ರಿ ಹಚ್ಚಿಟ್ಟು ಮಲಗುವ ಕೆಲಸ. ಅದಕ್ಕೆ ತಕ್ಕ ಫಲ ಮುಂಡಾಸಿನ ಪಟ್ಟಿಗಳಲ್ಲಿ ಕಾಣುತ್ತದೆ: ಅವು ಅಲುಗದೆ ನಿಲ್ಲುತ್ತವೆ. ಹಳೆಯ ಸಣ್ಣ ಟಿ.ವಿ.ಯಲ್ಲಿ ಈ ವ್ಯತ್ಯಾಸ ಗೊತ್ತಾಗುವುದೇ ಕಷ್ಟ, ಹಾಗಾಗಿ ಅವಸರವಿದ್ದವರು ಬಿಡಬ್ಲ್ಯುಡಿಐಎಫ್ ಹಿಡಿದರೆ ನಷ್ಟವಿಲ್ಲ.

ಕಸೆ ಸೀರೆಯ ಚೌಕಳಿ ಮಾತ್ರ ಇನ್ನೂ ಮಿನುಗುತ್ತಿತ್ತು. ಒಂದೇ ಗೆರೆಯಷ್ಟು ದಪ್ಪದ ಅಡ್ಡಪಟ್ಟಿ ಒಂದು ಫೀಲ್ಡ್‌ನಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲವಾದರೆ ಕಣ್ಣಿಗೆ ಕುಕ್ಕುತ್ತದೆ. ಮತ್ತೆ ಇಂಟರ್ಲೇಸ್ ಮಾಡುವ ಮುನ್ನ ಮೇಲಿಂದ ಕೆಳಕ್ಕೆ ತುಸು ಮಸುಕುಗೊಳಿಸುವುದೇ ಇದಕ್ಕೆ ಮದ್ದು. ಎಫ್‌ಎಫ್‌ಎಂಪೆಗ್‌ನ ಇಂಟರ್ಲೇಸ್ ಫಿಲ್ಟರ್ ಇದನ್ನು ತಾನಾಗಿಯೇ ಮಾಡುತ್ತದೆ. ಅತಿ ಚೂಪಾದ ಚಿತ್ರ ಕಂಪ್ಯೂಟರ್ ಪರದೆಯಲ್ಲಿ ಮೆಚ್ಚುಗೆಯಾಗುತ್ತದೆ, ಟಿ.ವಿ.ಯಲ್ಲಿ ನಡುಗುತ್ತದೆ.

ಬಣ್ಣವನ್ನೂ ಮರೆಯಬಾರದು. ಎಚ್‌ಡಿಯ ಬಣ್ಣದ ಲೆಕ್ಕ 709 ಎಂಬ ಮಾನದಂಡದ್ದು, ಡಿವಿಡಿಯದು 601 ಎಂಬುದರದ್ದು. ಪರಿವರ್ತಿಸದೆ ಬಿಟ್ಟರೆ ಕೆಂಪು, ಹಸಿರುಗಳ ಛಾಯೆ ಬದಲಾಗುತ್ತದೆ. ವೇಷಭೂಷಣದ ಬಣ್ಣಗಳನ್ನು ಬಲ್ಲವರಿಗೆ ಅದು ಕೂಡಲೇ ತಿಳಿಯುತ್ತದೆ.

ಬಿಟ್‌ರೇಟ್‌ನದು ಸರಳ ಗಣಿತ. 4.7 ಜಿಬಿ ಡಿಸ್ಕ್‌ನಲ್ಲಿ ಎರಡು ಗಂಟೆ ತುಂಬಿದರೆ ಧ್ವನಿಯೂ ಸೇರಿ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಸಿಗುತ್ತದೆ. ಒಂದು ಗಂಟೆಗೆ ಮಿತಗೊಳಿಸಿದರೆ ಚಿತ್ರಕ್ಕೇ 8 ಕೊಡಬಹುದು. ಕುಣಿತ ಹೆಚ್ಚಿರುವ ಪ್ರಸಂಗಕ್ಕೆ ಡಿಸ್ಕ್ ಒಂದು ಹೆಚ್ಚಾದರೂ ಸರಿ, ಒಂದೊಂದು ಗಂಟೆಯಂತೆ ಹಂಚುವುದೇ ಮೇಲು.

ಕೊನೆಗೆ ಮೆನು ಕಟ್ಟಲು ಡಿವಿಡಿಸ್ಟೈಲರ್ ಬಳಸುವವರು ವಿಡಿಯೊ ಸ್ವರೂಪವನ್ನು ‘ಕಾಪಿ’ ಎಂದೇ ಇಡಿ, ಇಲ್ಲದಿದ್ದರೆ ಮಾಡಿದ ಕೆಲಸದ ಮೇಲೆ ಇನ್ನೊಮ್ಮೆ ಎನ್‌ಕೋಡಿಂಗ್ ನಡೆದುಹೋಗಬಹುದು. ಮೊದಲು ಮರುಬಳಕೆಯ ಡಿಸ್ಕ್‌ಗೆ ಬರೆದು, ನೋಡುವವರ ಮನೆಯ ಟಿ.ವಿ.ಯಲ್ಲೇ ಪರೀಕ್ಷಿಸಿ. ಫೀಲ್ಡ್‌ಗಳ ಕ್ರಮ ಅದಲುಬದಲಾಗಿದ್ದರೆ ಮಂಡಿ ಕುಣಿತದ ಮೊದಲ ಸುತ್ತಿನಲ್ಲೇ ಚಿತ್ರ ಹಿಂದೆ ಮುಂದೆ ಜಗ್ಗಿ ತೋರಿಸಿಬಿಡುತ್ತದೆ.